ಸರ್ಕಸ್ಸಿನ ಕ್ಲೌನ್‌ಗೆ ಯಾವ ಪದ: ಜೋಕರ್, ಬಫೂನ್, ಕೋಡಂಗಿ?

ಗೆಳೆಯರೇ,

ನಮ್ಮ ಗುಂಪಿಗೆ ತೋರಿಸಲು ಒಂದು ಹಳೆಯ ಮೂಕಿ ಚಿತ್ರದ ತೆರೆಬರಹಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ಒಂದೇ ಒಂದು ಪದದ ಹತ್ತಿರ ನಿಂತುಬಿಟ್ಟಿದ್ದೇನೆ.

ಚಿತ್ರ 'ಹೀ ಹೂ ಗೆಟ್ಸ್ ಸ್ಲ್ಯಾಪ್ಡ್'. 1924ರದ್ದು. ನಿರ್ದೇಶಕ ಸ್ವೀಡನ್ನಿನ ವಿಕ್ಟರ್ ಶೋಸ್ಟ್ರೋಮ್, ನಾಯಕ ಲಾನ್ ಚೇನಿ. ಒಬ್ಬ ವಿಜ್ಞಾನಿಯ ವರ್ಷಗಳ ದುಡಿಮೆಯನ್ನು ಅವನಿಗೆ ಆಸರೆ ಕೊಟ್ಟ ಶ್ರೀಮಂತನೇ ಕದಿಯುತ್ತಾನೆ. ತುಂಬಿದ ಸಭೆಯಲ್ಲಿ ಅವನ ಕೆನ್ನೆಗೂ ಬಾರಿಸುತ್ತಾನೆ. ಪಂಡಿತರೆಲ್ಲ ನಗುತ್ತಾರೆ. ಮನೆಗೆ ಬಂದರೆ ಹೆಂಡತಿಯೂ ಆ ಶ್ರೀಮಂತನ ಕಡೆಗೇ. ಗಂಡನನ್ನು 'ಕ್ಲೌನ್' ಅಂತ ಹಂಗಿಸುತ್ತಾಳೆ. ಆಮೇಲೆ ಅವನು ಸರ್ಕಸ್ ಸೇರಿ ಕ್ಲೌನೇ ಆಗುತ್ತಾನೆ. ದಿನಾ ರಾತ್ರಿ ಕೆನ್ನೆಗೆ ಏಟು ತಿನ್ನುವುದೇ ಅವನ ಆಟ.

ಹಾಗಾಗಿ ನನಗೆ ಬೇಕಿರುವ ಪದ ಬೈಗುಳವೂ ಆಗಬೇಕು, ಕಸುಬಿನ ಹೆಸರೂ ಆಗಬೇಕು.

'ವಿದೂಷಕ' ಆಗಲ್ಲ. ಅವನು ರಾಜನ ಗೆಳೆಯ. ಸಿಟ್ಟು ಬಂದ ಹೆಂಡತಿಯ ಬಾಯಲ್ಲಿ ಆ ಪದ ಬರಲ್ಲ. ಯಕ್ಷಗಾನದ 'ಹಾಸ್ಯಗಾರ' ಮಾತಿನಿಂದಲೇ ಗೆಲ್ಲುವವನು, ಇಲ್ಲಿ ಮಾತೇ ಇಲ್ಲ. 'ಜೋಕರ್' ಎರಡೂ ಕಡೆ ನಡೆಯುತ್ತದೆ, ಆದರೆ ಇಸ್ಪೀಟಿನ ವಾಸನೆ ಜಾಸ್ತಿ. 'ಬಫೂನ್' ನಮ್ಮ ಮನೆಯ ಹಿರಿಯರ ಪದ. ಈಗಿನ ಹುಡುಗರಿಗೆ ಅದು ಬೈಗುಳವಾಗಿ ತಟ್ಟುತ್ತದೋ ಇಲ್ಲವೋ.

ನನ್ನ ಮನಸ್ಸು 'ಕೋಡಂಗಿ' ಕಡೆಗಿದೆ. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಅಂತೀವಲ್ಲ, ಈ ವಿಜ್ಞಾನಿಯ ಪಾಡೂ ಅದೇ ಅಲ್ವಾ? ಆ ಪದದಲ್ಲಿ ವೇಷವೂ ಇದೆ. ಯಕ್ಷಗಾನದಲ್ಲಿ ಪ್ರಸಂಗ ಶುರುವಾಗುವ ಮೊದಲು ಕುಣಿಯುವ ಎಳೆಯರ ವೇಷಕ್ಕೂ ಕೋಡಂಗಿ ಅಂತಲೇ ಹೆಸರು. ಆದರೆ ಸರ್ಕಸ್ ಡೇರೆಯೊಳಗೆ 'ಕೋಡಂಗಿ ಬಂದ' ಅಂದರೆ ಕಿವಿಗೆ ಒಗ್ಗುತ್ತದಾ?

ಮೂಕಿ ಚಿತ್ರದಲ್ಲಿ ಏಟಿನ ಸದ್ದು ಕೇಳಿಸುವುದಿಲ್ಲ. ಬೀಸಿದ ಕೈ ಕಾಣುತ್ತದೆ, ನಗುವ ಬಾಯಿಗಳು ಕಾಣುತ್ತವೆ, ಅಷ್ಟೇ. ನನ್ನನ್ನು ಹಿಡಿದು ಕೂರಿಸುವುದು ಅದೇ. ನಡುವೆ ಓದಲು ಸಿಗುವುದು ನಾಲ್ಕಾರು ಪದ, ಅವು ಸರಿಯಾಗಿಯೇ ಇರಬೇಕು. ಇಂಥ ಚಿತ್ರಗಳು ಉಳಿದಿರುವುದೂ ಕಡಿಮೆ. ಜರ್ಮನಿಯ ನಿರ್ದೇಶಕ ಮುರ್ನೌ 1928ರಲ್ಲಿ ತೆಗೆದ ಸರ್ಕಸ್ ಚಿತ್ರ '4 ಡೆವಿಲ್ಸ್' ಕಳೆದೇ ಹೋಗಿದೆ.

ನಿಮ್ಮ ಕಡೆ ಸರ್ಕಸ್ ಬಂದಾಗ ಇವನನ್ನು ಏನಂತ ಕರೆಯುತ್ತಿದ್ದರು? ಉತ್ತರ ಕರ್ನಾಟಕದವರು, ಕರಾವಳಿಯವರು ದಯವಿಟ್ಟು ಬರೆಯಿರಿ. 'ಕೋಡಂಗಿ' ಅಂದರೆ ನಿಮಗೆ ಮೊದಲು ಕಾಣುವುದು ವೇಷವೋ, ಬೈಗುಳವೋ?