ಅಪ್‌ಡೇಟ್: ಲೂಪ್ ಅನ್‌ರೋಲಿಂಗ್ ಪಾಸ್‌ಗೆ ಕೊನೆಗೆ ಆಯ್ದುಕೊಂಡ ಬೆಂಚ್‌ಮಾರ್ಕ್‌ಗಳು

ನಾನು ಬರೆದ ಲೂಪ್ ಅನ್‌ರೋಲಿಂಗ್ ಪಾಸ್ (ಲೂಪಿನ ಒಡಲನ್ನು ಹಲವು ಬಾರಿ ನಕಲಿಸಿ ಸುತ್ತುಗಳನ್ನು ಕಡಿಮೆ ಮಾಡುವ ಕಂಪೈಲರ್ ಹಂತ) ನಿಜಕ್ಕೂ ವೇಗ ತರುತ್ತದೆಯೇ ಎಂದು ತಿಳಿಯಲು ಯಾವ ಬೆಂಚ್‌ಮಾರ್ಕ್‌ಗಳನ್ನು (ವೇಗ ಅಳೆಯುವ ಮಾದರಿ ಪ್ರೋಗ್ರಾಂಗಳನ್ನು) ಬಳಸಬೇಕೆಂದು ಹಿಂದೆ ಕೇಳಿದ್ದೆ. ನಿಮ್ಮಲ್ಲೊಬ್ಬರ ಸಲಹೆಯಂತೆ ಕಂಪೈಲರ್ ಹೊರತಂದ ಅಸೆಂಬ್ಲಿಯನ್ನು (ಯಂತ್ರದ ಆದೇಶಗಳ ಪಠ್ಯರೂಪವನ್ನು) ತೆರೆದು ನೋಡಿದಾಗ ಮೊದಲ ತಪ್ಪು ಅಲ್ಲೇ ಸಿಕ್ಕಿತು: ನನ್ನ ಪುಟ್ಟ ಪರೀಕ್ಷೆಯಲ್ಲಿ ಲೂಪ್ ಲೆಕ್ಕಹಾಕಿದ ಮೊತ್ತವನ್ನು ಎಲ್ಲೂ ಮುದ್ರಿಸಿರಲಿಲ್ಲವಾದ್ದರಿಂದ ಕಂಪೈಲರ್ ಇಡೀ ಲೂಪನ್ನೇ ಅನಗತ್ಯವೆಂದು ಕಿತ್ತುಹಾಕಿತ್ತು; ನಾನು ಹೆಮ್ಮೆಪಟ್ಟಿದ್ದ ವೇಗ ಖಾಲಿ ಫಂಕ್ಷನ್ನಿನದಾಗಿತ್ತು. ಪಾಲಿಬೆಂಚ್ ಎಂಬ ಬೆಂಚ್‌ಮಾರ್ಕ್ ಸಂಗ್ರಹದ 30 ಕರ್ನಲ್‌ಗಳಲ್ಲಿ (ಪುಟ್ಟ ಗಣಿತ ಲೆಕ್ಕಾಚಾರಗಳಲ್ಲಿ) ಹಲವು ಚುರುಕಾದವು, ಆದರೆ ಅವೆಲ್ಲ ಅಚ್ಚುಕಟ್ಟಾದ ಲೂಪ್‌ಗಳಾಗಿರುವುದರಿಂದ ಅಷ್ಟನ್ನೇ ನಂಬುವುದು ಸರಿಯೆನಿಸಲಿಲ್ಲ. ನಿಜಬಳಕೆಯ ದೊಡ್ಡ ಪ್ರೋಗ್ರಾಂಗಳ ಬೆಂಚ್‌ಮಾರ್ಕ್ ಸಂಗ್ರಹವಾದ ಸ್ಪೆಕ್ ಸಿಪಿಯು 2017ರಲ್ಲಿರುವ ಜಿಸಿಸಿ, ಪರ್ಲ್‌ನಂಥ ಕವಲುಗಳೇ ತುಂಬಿದ ಪ್ರೋಗ್ರಾಂಗಳನ್ನು ಓಡಿಸಿದಾಗ, ಕೋಡ್ ಗಾತ್ರ ಹಿಗ್ಗಿ, ಇನ್‌ಸ್ಟ್ರಕ್ಷನ್ ಕ್ಯಾಶ್ ಮಿಸ್‌ಗಳು (ಬೇಕಾದ ಆದೇಶ ಪ್ರೊಸೆಸರಿನ ವೇಗದ ಪುಟ್ಟ ಮೆಮೊರಿಯಲ್ಲಿ ಸಿಗದ ಸಂದರ್ಭಗಳು) ಏರಿ, ಲಾಭವೆಲ್ಲ ಕರಗಿಹೋಯಿತು. ಈಗ ಈ ಎರಡೂ ಸಂಗ್ರಹಗಳನ್ನು ಇಟ್ಟುಕೊಂಡು, ಲಿಂಕ್ ಕ್ರಮವನ್ನು (ಕಂಪೈಲಾದ ಫೈಲ್‌ಗಳನ್ನು ಜೋಡಿಸುವ ಕ್ರಮವನ್ನು; ಅದೊಂದೇ ವೇಗವನ್ನು ಬದಲಿಸಬಲ್ಲದು) ಬದಲಿಸುತ್ತ ಹಲವು ಬಾರಿ ಅಳೆದು, ಗುಣೋತ್ತರ ಸರಾಸರಿಯ (ಅನುಪಾತಗಳಿಗೆ ಬಳಸುವ ಸರಾಸರಿ, ಜಿಯೊಮೆಟ್ರಿಕ್ ಮೀನ್) ಜೊತೆಗೆ ಪ್ರತಿ ಪ್ರೋಗ್ರಾಮಿನ ಫಲಿತಾಂಶವನ್ನೂ ಬೇರೆಯಾಗಿಯೇ ಕೊಡುತ್ತಿದ್ದೇನೆ.