‘ಎಂಜಿನ್ ಕಟ್ಟುವುದು’ ಎಂಬ ಪ್ರಯೋಗ ಸಲ್ಲುತ್ತದೆಯೇ?

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರಗಳು.

ಮಿಶಿಗನ್ ರಾಜ್ಯದಲ್ಲಿ ನಮ್ಮೂರಿನ ಕನ್ನಡಿಗರು ಹೊರತರುತ್ತಿರುವ ಸ್ಮರಣ ಸಂಚಿಕೆಗಾಗಿ ಬರೆಯಲು ತೊಡಗಿದ ಲೇಖನವೊಂದು ಒಂದೇ ಒಂದು ಕ್ರಿಯಾಪದದ ಮುಂದೆ ಬಂದು ನಿಂತುಬಿಟ್ಟಿದೆ. ಲೇಖನದ ವಿಷಯ ಇಷ್ಟು: ನಮ್ಮ ನೆರೆಮನೆಯ ಹಿರಿಯರೊಬ್ಬರ ಬಳಿ 1969ರ ಷೆವ್ರೊಲೆ ಕಮಾರೊ ಕಾರಿದೆ. ಅದರ ಮೂಲ ಎಂಜಿನ್ನಿನ ಎರಕದ ಬ್ಲಾಕನ್ನು ಉಳಿಸಿಕೊಂಡು, ಒಳಗಿನ ಕ್ರ್ಯಾಂಕು, ಪಿಸ್ಟನ್ನು, ಕ್ಯಾಮು, ಮೇಲಿನ ಹೆಡ್ಡುಗಳು, ಕಾರ್ಬ್ಯುರೇಟರಿನ ಜಾಗದಲ್ಲಿ ಫ್ಯೂಯೆಲ್ ಇಂಜೆಕ್ಷನ್ ಎಲ್ಲವನ್ನೂ ಇಂದಿನ ಕಾಲಕ್ಕೆ ತಕ್ಕಂತೆ ಹೊಸದಾಗಿ ಆರಿಸಿ, ಅಳೆದು, ಕೂರಿಸಿ, ಕಳೆದ ಚಳಿಗಾಲದ ಅಷ್ಟೂ ಶನಿವಾರಗಳನ್ನು ನಾವಿಬ್ಬರೂ ಅವರ ಗ್ಯಾರೇಜಿನಲ್ಲಿ ಕಳೆದೆವು. ಈ ಇಡೀ ಕೆಲಸಕ್ಕೆ ಇಲ್ಲಿನವರು ‘ಬಿಲ್ಡ್’ ಎಂಬ ಒಂದೇ ಮಾತನ್ನು ಬಳಸುತ್ತಾರೆ. ಕನ್ನಡದಲ್ಲಿ ನಾನು ‘ಎಂಜಿನ್ ಕಟ್ಟಿದೆವು’ ಎಂದು ಬರೆದೆ. ಸಂಪಾದಕರು ಅದನ್ನು ‘ಎಂಜಿನ್ ನಿರ್ಮಿಸಿದೆವು’ ಎಂದು ತಿದ್ದಿ ಕಳುಹಿಸಿದರು. ತಿದ್ದುಪಡಿಯನ್ನು ಒಪ್ಪಲು ನನಗೆ ಮನಸ್ಸಾಗುತ್ತಿಲ್ಲ. ಹಾಗೆಂದು ನನ್ನ ಪ್ರಯೋಗವೇ ಸರಿಯೆಂದು ಹಟ ಹಿಡಿಯುವಷ್ಟು ಆಧಾರವೂ ಕೈಯಲ್ಲಿಲ್ಲ. ಆದ್ದರಿಂದ ಈ ಪತ್ರ.

ಮೊದಲಿಗೆ, ಸುಲಭವಾಗಿ ನಾಲಿಗೆಗೆ ಬರುವ ಪದಗಳು ಏಕೆ ಸಾಲವು ಎಂಬುದನ್ನು ಹೇಳಬೇಕು. ‘ದುರಸ್ತಿ’ ಎಂದರೆ ಕೆಟ್ಟದ್ದನ್ನು ಮೊದಲಿನ ಸ್ಥಿತಿಗೆ ತರುವುದು. ನಾವು ಮಾಡಿದ್ದು ಅದಲ್ಲ. ಆ ಎಂಜಿನ್ ಕಾರ್ಖಾನೆಯಿಂದ ಬಂದಾಗ ಅದರ ಬೋರು, ಎಂದರೆ ಸಿಲಿಂಡರಿನ ಒಳವ್ಯಾಸ, 4 ಅಂಗುಲ, ಸ್ಟ್ರೋಕು, ಎಂದರೆ ಪಿಸ್ಟನ್ ಒಮ್ಮೆ ಸರಿಯುವ ದೂರ, 3.48 ಅಂಗುಲ ಇತ್ತು. ಎಂಟು ಸಿಲಿಂಡರುಗಳ ಲೆಕ್ಕ ಹಾಕಿದರೆ 350 ಘನ ಅಂಗುಲ. ಬೋರನ್ನು 30 ತೌ, ಎಂದರೆ ಅಂಗುಲದ ಸಾವಿರ ಭಾಗಗಳಲ್ಲಿ 30 ಭಾಗ, ಹೆಚ್ಚಿಸಿ, 3.75 ಅಂಗುಲ ಸ್ಟ್ರೋಕಿನ ಕ್ರ್ಯಾಂಕನ್ನು ಹಾಕಿದ ಮೇಲೆ ಅದು 383 ಘನ ಅಂಗುಲವಾಯಿತು. ಹಿಂದೆ ಇಲ್ಲದಿದ್ದದ್ದು ಬಂದ ಮೇಲೆ ಅದನ್ನು ದುರಸ್ತಿ ಎನ್ನುವುದು ಹೇಗೆ? ‘ತಯಾರಿಸು’ ಎಂದರೆ ಓದುಗರು ಕಾರ್ಖಾನೆಯನ್ನು ನೆನೆಯುತ್ತಾರೆ. ‘ನಿರ್ಮಿಸು’ ಎಂಬುದು ನನ್ನ ಕಿವಿಗೆ ಅಣೆಕಟ್ಟಿಗೋ ಚಲನಚಿತ್ರಕ್ಕೋ ಸಲ್ಲುವ ಪದ. ಅದರಲ್ಲೂ ನಿರ್ಮಾಪಕನೆಂದರೆ ಹಣ ಹಾಕುವವನೇ ಹೊರತು ಕೈಗೆ ಗ್ರೀಸು ಮೆತ್ತಿಕೊಳ್ಳುವವನಲ್ಲ.

ಇನ್ನು ಉಳಿದದ್ದು ‘ಜೋಡಿಸು’. ಮೇಲ್ನೋಟಕ್ಕೆ ಇದು ತಕ್ಕ ಪದದಂತೆ ಕಾಣುತ್ತದೆ, ಆದರೆ ಇದು ಕೆಲಸದ ಕೊನೆಯ ಘಟ್ಟವನ್ನು ಮಾತ್ರ ಹೇಳುತ್ತದೆ. ಒಂದು ಉದಾಹರಣೆ ಕೊಡುತ್ತೇನೆ. ಪಿಸ್ಟನ್ನಿನ ಸುತ್ತ ಕೂರುವ ಲೋಹದ ಬಳೆಯಾದ ಪಿಸ್ಟನ್ ರಿಂಗು ಪೂರ್ಣ ವೃತ್ತವಲ್ಲ, ಅದಕ್ಕೊಂದು ಸೀಳು ಇರುತ್ತದೆ. ಎಂಜಿನ್ ಬಿಸಿಯಾದಾಗ ರಿಂಗು ಹಿಗ್ಗುತ್ತದೆ. ಸೀಳು ಸಾಲದೇ ಹೋದರೆ ಎರಡು ತುದಿಗಳೂ ಒಂದಕ್ಕೊಂದು ಒತ್ತಿಕೊಂಡು ಸಿಲಿಂಡರಿನ ಗೋಡೆಯನ್ನು ಗೀರುತ್ತವೆ, ಕೆಲವೊಮ್ಮೆ ಪಿಸ್ಟನ್ನೇ ಒಡೆಯುತ್ತದೆ. ಹೀಗಾಗಿ ಮೇಲಿನ ರಿಂಗಿಗೆ ಬೋರಿನ ಪ್ರತಿ ಅಂಗುಲಕ್ಕೂ ಸುಮಾರು ನಾಲ್ಕೂವರೆ ತೌ ಸೀಳು ಬಿಡಬೇಕೆಂಬ ಲೆಕ್ಕವಿದೆ. ನಮ್ಮ ಬೋರಿಗೆ ಅದು 18 ತೌ ಆಯಿತು. ರಿಂಗನ್ನು ಬರಿಗೈಯಲ್ಲಿ ಸಿಲಿಂಡರಿಗೆ ಇಳಿಸಿ, ಪಿಸ್ಟನ್ನನ್ನು ತಲೆಕೆಳಗಾಗಿ ಹಿಡಿದು ಅದನ್ನು ಸಮವಾಗಿ ಒಳಗೆ ದೂಡಿ, ಸೀಳಿನಲ್ಲಿ ಸಂದಿಯ ಅಗಲ ಅಳೆಯುವ ಫೀಲರ್ ಗೇಜಿನ ತಗಡನ್ನು ಆಡಿಸಿ ನೋಡಿ, ಬಿಗಿಯಾಗಿದ್ದರೆ ಹೊರತೆಗೆದು ಅರದಿಂದ ಒಂದೆರಡು ಸುತ್ತು ಉಜ್ಜಿ, ಮತ್ತೆ ಇಳಿಸಿ ಅಳೆಯಬೇಕು. ಪ್ರತಿ ಸಿಲಿಂಡರಿಗೆ ಇಂಥ ಎರಡು ರಿಂಗುಗಳು, ಒಟ್ಟು ಹದಿನಾರು. ಒಂದು ಸಿಲಿಂಡರಿಗೆ ಉಜ್ಜಿದ ರಿಂಗನ್ನು ಇನ್ನೊಂದಕ್ಕೆ ಹಾಕುವಂತಿಲ್ಲವಾದ್ದರಿಂದ ಪ್ರತಿಯೊಂದಕ್ಕೂ ಗುರುತಿನ ಚೀಟಿ ಅಂಟಿಸಿ ಮೇಜಿನ ಮೇಲೆ ಸಾಲಾಗಿ ಇಟ್ಟೆವು. ಒಂದು ಪೂರ್ತಿ ಶನಿವಾರ ಇದರಲ್ಲೇ ಕಳೆಯಿತು. ಆ ದಿನ ಒಂದು ಬೋಲ್ಟನ್ನೂ ತಿರುಗಿಸಲಿಲ್ಲ, ಏನನ್ನೂ ‘ಜೋಡಿಸಲಿಲ್ಲ’. ಆದರೂ ಎಂಜಿನ್ ನಿಜವಾಗಿ ರೂಪುಗೊಂಡದ್ದು ಅಂಥ ದಿನಗಳಲ್ಲೇ ಎಂದು ನಾನು ತಿಳಿದಿದ್ದೇನೆ.

‘ಕಟ್ಟು’ ಎಂಬ ಧಾತುವಿನಲ್ಲಿ ಈ ಇಡೀ ಹರಹು ಇದೆ ಎಂಬುದು ನನ್ನ ವಾದ. ಹೂ ಕಟ್ಟುತ್ತೇವೆ, ಗೋಡೆ ಕಟ್ಟುತ್ತೇವೆ, ಹಕ್ಕಿ ಗೂಡು ಕಟ್ಟುತ್ತದೆ, ಪದ ಕಟ್ಟಿ ಹಾಡುತ್ತೇವೆ, ಸಂಘ ಕಟ್ಟುತ್ತೇವೆ. ಎಲ್ಲ ಕಡೆಯೂ ಬಿಡಿಬಿಡಿಯಾದ ಹಲವನ್ನು ಆಯ್ದು, ಒಂದಕ್ಕೊಂದು ಹೊಂದಿಸಿ, ಒಂದು ಇಡಿಯಾಗಿ ನಿಲ್ಲಿಸುವ ಅರ್ಥವಿದೆ. ಮಾಡುವವರ ಕೈಚಳಕದ ಗುರುತೂ ಇದೆ. ಯಂತ್ರಗಳ ಲೋಕಕ್ಕೆ ಈ ಪದ ಹೊಸದೇನೂ ಅಲ್ಲ. ಲಾರಿಯ ಚಾಸಿಯನ್ನು ಕೊಂಡು ತಂದವರು ಅದಕ್ಕೆ ‘ಬಾಡಿ ಕಟ್ಟಿಸುತ್ತಾರೆ’. ಬಾಡಿಯನ್ನು ನಿರ್ಮಿಸಿದರೆಂದು ಯಾವ ಲಾರಿ ಮಾಲೀಕರೂ ಹೇಳಿದ್ದನ್ನು ನಾನು ಕೇಳಿಲ್ಲ. ನಮ್ಮ ತಂದೆಯವರು ತಿಪಟೂರಿನಲ್ಲಿ ಚಿಕ್ಕದೊಂದು ಲೇತ್ ಅಂಗಡಿ ನಡೆಸುತ್ತಿದ್ದರು. ತೋಟಗಳಿಗೆ ನೀರೆತ್ತುವ ಡೀಸೆಲ್ ಎಂಜಿನ್‌ಗಳು ಅಲ್ಲಿಗೆ ಬರುತ್ತಿದ್ದವು. ‘ಬಿಚ್ಚೋದು ಯಾರು ಬೇಕಾದ್ರೂ ಬಿಚ್ತಾರೆ, ಕಟ್ಟೋದು ನೋಡಪ್ಪ’ ಎಂದು ಅವರು ಕೆಲಸಕ್ಕಿದ್ದ ಹುಡುಗರಿಗೆ ಹೇಳುತ್ತಿದ್ದದ್ದು ಈಗಲೂ ನನ್ನ ಕಿವಿಯಲ್ಲಿದೆ. ರಿಂಗಿನ ಸೀಳಿಗೆ ಅವರು ‘ಬಾಯಿ’ ಎನ್ನುತ್ತಿದ್ದರು. ‘ಬಾಯಿ ಸಾಲದು, ಇನ್ನೆರಡು ತೌ ಬಿಡು’ ಎಂಬಂತೆ. ಆದರೆ ಅವರೊಬ್ಬರ ಮಾತೋ ಅಥವಾ ಆ ಕಸುಬಿನವರೆಲ್ಲರ ಮಾತೋ ಎಂದು ವಿಂಗಡಿಸಲು ಒಂದೇ ಅಂಗಡಿಯ ನೆನಪು ಸಾಕಾಗುವುದಿಲ್ಲ.

ಸಂಪಾದಕರ ಆಕ್ಷೇಪದಲ್ಲಿ ಹುರುಳಿಲ್ಲವೆಂದು ನಾನು ಹೇಳುತ್ತಿಲ್ಲ. ‘ಕಟ್ಟು’ ಎಂಬುದಕ್ಕೆ ತಡೆಯುವ, ಮುಚ್ಚಿಕೊಳ್ಳುವ ಅರ್ಥವೂ ಬಲವಾಗಿಯೇ ಇದೆ. ಮೂಗು ಕಟ್ಟುತ್ತದೆ, ಗಂಟಲು ಕಟ್ಟುತ್ತದೆ, ಮೋರಿ ಕಟ್ಟಿಕೊಳ್ಳುತ್ತದೆ. ‘ಎಂಜಿನ್ ಕಟ್ಟಿದೆ’ ಎಂಬ ವಾಕ್ಯವನ್ನು ಹಿಂದುಮುಂದಿಲ್ಲದೆ ಓದಿದವರು ಇಂಧನದ ನಳಿಕೆಯಲ್ಲಿ ಕಸ ಸೇರಿರಬೇಕೆಂದು ತಿಳಿದರೆ ಅದು ಅವರ ತಪ್ಪಲ್ಲ. ಜೊತೆಗೆ ‘ಗಾಡಿ ಕಟ್ಟು’ ಎಂದರೆ ಹಳ್ಳಿಯ ಕನ್ನಡದಲ್ಲಿ ಗಾಡಿಗೆ ಎತ್ತುಗಳನ್ನು ಹೂಡು ಎಂದೇ ಅರ್ಥ. ‘ಕಾರಿಗೆ ಎಂಜಿನ್ ಕಟ್ಟಿದೆವು’ ಎಂದಾಗ ಹಗ್ಗ ತಂದು ಬಿಗಿದಂತೆ ಕೇಳಿಸುವ ಅಪಾಯವಿದೆ. ನನ್ನ ಸಮಾಧಾನ ಹೀಗಿದೆ. ತಡೆಯ ಅರ್ಥ ಬರುವಲ್ಲಿ ಎಂಜಿನ್ನೇ ಕರ್ತೃವಾಗಿರುತ್ತದೆ, ಹೆಚ್ಚಾಗಿ ‘ಕಟ್ಟಿಕೊಂಡಿತು’ ಎಂಬ ರೂಪವಿರುತ್ತದೆ. ಕಟ್ಟುವವರನ್ನು ಕರ್ತೃವಾಗಿಸಿ, ಎಂಜಿನ್ನನ್ನು ದ್ವಿತೀಯೆಯಲ್ಲಿಟ್ಟು ‘ನಾವು ಈ ಎಂಜಿನ್ನನ್ನು ಕಟ್ಟಿದೆವು’ ಎಂದರೆ ಗೊಂದಲಕ್ಕೆ ಎಡೆಯಿಲ್ಲ. ಕಟ್ಟಿ ಮುಗಿದ ಎಂಜಿನ್ನನ್ನು ಕಾರಿನೊಳಗೆ ಇಡುವ ಕೆಲಸಕ್ಕೆ ‘ಕೂರಿಸು’ ಎಂಬ ಬೇರೆ ಪದವನ್ನೇ ಮೀಸಲಿಡಬಹುದು. ವಾಲ್ವ್ ಕೂರಿಸುವುದು, ಬೇರಿಂಗ್ ಕೂರಿಸುವುದು ಎಂದು ಕಸುಬಿನವರ ಬಾಯಲ್ಲಿ ಅದು ಆಗಲೇ ಇದೆ.

ಇದೇ ಲೇಖನದಲ್ಲಿ ಎದುರಾದ ಇನ್ನೂ ಕೆಲವು ಪದಗಳನ್ನು ಈ ನೆಪದಲ್ಲಿ ಮುಂದಿಡುತ್ತೇನೆ. ಅವುಗಳಲ್ಲಿ ಒಂದೆರಡು ಮತ್ತೆ ‘ಕಟ್ಟು’ವಿನ ಬಳಿಗೇ ಬರುತ್ತವೆ.

‘ಮಸಲ್ ಕಾರ್’ ಎಂಬುದನ್ನು ‘ಸ್ನಾಯು ಕಾರು’ ಎಂದು ಅನುವಾದಿಸಿದ್ದನ್ನು ಅಂತರ್ಜಾಲದಲ್ಲಿ ನೋಡಿ ನನಗೆ ವೈದ್ಯರ ಕೋಣೆಯಲ್ಲಿ ತೂಗುಹಾಕಿರುವ ಚಿತ್ರಪಟದ ನೆನಪಾಯಿತು. ಮಧ್ಯಮ ಗಾತ್ರದ, ಬೆಲೆಯಲ್ಲೂ ಮಧ್ಯಮ ವರ್ಗಕ್ಕೆ ಎಟಕುವ ಕಾರಿಗೆ ದೊಡ್ಡ ಕಾರಿನ ಎಂಜಿನ್ ಹಾಕಿದ್ದು ಈ ವಾಹನಗಳ ವಿಶೇಷ. 1964ರ ಪಾಂಟಿಯಾಕ್ ಜಿಟಿಓವನ್ನು ಇವುಗಳಲ್ಲಿ ಮೊದಲನೆಯದೆಂದು ಹಲವರು ಎಣಿಸುತ್ತಾರೆ. ಸಾಧಾರಣ ಟೆಂಪೆಸ್ಟ್ ಕಾರಿನ ಒಡಲಿಗೆ 389 ಘನ ಅಂಗುಲದ ಎಂಜಿನ್ ಇಟ್ಟು ಅದನ್ನು ಮಾರಾಟಕ್ಕೆ ತಂದರು. ‘ಕಟ್ಟುಮಸ್ತು ಕಾರು’ ಎಂದರೆ ಹೇಗೆ? ಮೈಕಟ್ಟು, ಕಟ್ಟುಮಸ್ತು, ಹುರಿಗಟ್ಟಿದ ತೋಳು ಎಂದು ದೇಹಬಲವನ್ನು ಹೇಳುವ ನಮ್ಮ ಮಾತುಗಳಲ್ಲಿ ‘ಕಟ್ಟು’ ಹೇಗೆ ಮತ್ತೆ ಮತ್ತೆ ಬರುತ್ತದೆ ಎಂಬುದು ಗಮನಾರ್ಹ. ಗೆಳೆಯರೊಬ್ಬರು ‘ಜಟ್ಟಿ ಕಾರು’ ಎಂದು ಸೂಚಿಸಿದರು. ಕೇಳಲು ಸೊಗಸಾಗಿದ್ದರೂ ಜಟ್ಟಿಯನ್ನು ನೋಡಿದ ಕೂಡಲೇ ಜಟ್ಟಿಯೆಂದು ತಿಳಿಯುತ್ತದೆ. ಈ ಕಾರುಗಳಲ್ಲಿ ಕೆಲವು ನೋಡಲು ಗುಮಾಸ್ತರ ಕಾರಿನಂತೆಯೇ ಇದ್ದು, ಆಕ್ಸಿಲರೇಟರ್ ತುಳಿದ ಮೇಲಷ್ಟೇ ತಮ್ಮ ಗುಣ ತೋರಿಸುತ್ತಿದ್ದವು. ಲೇಖನದಲ್ಲಿ ಸದ್ಯಕ್ಕೆ ‘ಮಸಲ್ ಕಾರು’ ಎಂದೇ ಉಳಿಸಿಕೊಂಡು, ಮೊದಲ ಬಾರಿ ಬಂದಾಗ ‘ಕಟ್ಟುಮಸ್ತು’ ಎಂಬ ವಿವರಣೆ ಕೊಟ್ಟಿದ್ದೇನೆ.

ಹೆಚ್ಚು ಕಾಡಿದ್ದು ‘ಡಿಸ್‌ಪ್ಲೇಸ್‌ಮೆಂಟ್’. ಪಿಸ್ಟನ್ನುಗಳು ಮೇಲಿನಿಂದ ಕೆಳಕ್ಕೆ ಒಮ್ಮೆ ಸರಿದಾಗ ತೆರವಾಗುವ ಒಟ್ಟು ಜಾಗದ ಅಳತೆ ಅದು. ಯಂತ್ರಾನುವಾದಗಳಲ್ಲಿ ಇದು ‘ಎಂಜಿನ್ ಸ್ಥಳಾಂತರ’ ಎಂದು ಬರುತ್ತಿದೆ. ಓದಿದರೆ ಎಂಜಿನ್ನಿಗೆ ವರ್ಗಾವಣೆಯ ಆದೇಶ ಬಂದಂತಿದೆ. ಭೌತಶಾಸ್ತ್ರದ ‘ಸ್ಥಾನಪಲ್ಲಟ’ವೂ ಇಲ್ಲಿ ಹೊಂದುವುದಿಲ್ಲ, ಏಕೆಂದರೆ ಅದು ಉದ್ದದ ಅಳತೆ, ಇದು ಗಾತ್ರದ್ದು. ನಮ್ಮ ಜನ ಈ ಪರಿಕಲ್ಪನೆಯನ್ನು ‘ಸೀಸಿ’ (ಘನ ಸೆಂಟಿಮೀಟರ್) ಎಂದು ಎಂದೋ ಅರಗಿಸಿಕೊಂಡಿದ್ದಾರೆ. ತೊಂದರೆಯೆಂದರೆ ಅಮೆರಿಕದ ಹಳೆಯ ಎಂಜಿನ್‌ಗಳ ಲೆಕ್ಕ ಘನ ಅಂಗುಲದಲ್ಲಿದೆ. ಕರಡನ್ನು ಓದಿದ ನನ್ನ ಸೋದರಮಾವನವರು ತಿಪಟೂರಿನಿಂದ ಕರೆ ಮಾಡಿ, ‘ಏನಯ್ಯಾ, ಅಷ್ಟು ದೊಡ್ಡ ಕಾರಿಗೆ ನಮ್ಮ ಬುಲೆಟ್‌ನಷ್ಟೇ ಇಂಜಿನ್ನಾ?’ ಎಂದು ಕೇಳಿದರು. 350 ಎಂಬ ಸಂಖ್ಯೆಯನ್ನು ನೋಡಿ ಅವರು ಹಾಗೆ ತಿಳಿದದ್ದು ಸಹಜ. ಹಳೆಯ ಬುಲೆಟ್ 350ರ ನಿಖರ ಗಾತ್ರ 346 ಸೀಸಿ. 1997ರಲ್ಲಿ ಕಾರ್ವೆಟ್ ಕಾರಿನೊಡನೆ ಬಂದು, ಈಗ ಹಳೆಯ ಕಾರುಗಳಿಗೆಲ್ಲ ಜನ ಹುಡುಕಿ ತಂದು ಕೂರಿಸುವ ಎಲ್ಎಸ್1 ಎಂಜಿನ್ನಿನ ಗಾತ್ರ 346 ಘನ ಅಂಗುಲ. ಸಂಖ್ಯೆ ಒಂದೇ, ಆದರೆ ಒಂದು ಘನ ಅಂಗುಲಕ್ಕೆ 16.39 ಸೀಸಿಯಾದ್ದರಿಂದ ಎರಡನೆಯದು ಹದಿನಾರು ಬುಲೆಟ್‌ಗಳಿಗೂ ಸ್ವಲ್ಪ ಮೇಲೆ. ಆದ್ದರಿಂದ ಎಲ್ಲವನ್ನೂ ಲೀಟರಿಗೆ ತಂದು, ‘5.7 ಲೀಟರ್ ಗಾತ್ರದ ಎಂಜಿನ್’ ಎಂದು ಬರೆಯುವುದೇ ಲೇಸೆಂದು ತೀರ್ಮಾನಿಸಿದ್ದೇನೆ. ‘ಗಾತ್ರ’ ಎಂದರೆ ಎಂಜಿನ್ನಿನ ಹೊರಮೈಯ ಅಳತೆಯೆಂದು ಯಾರಾದರೂ ತಿಳಿಯುವರೇ ಎಂಬ ಅಳುಕು ಮಾತ್ರ ಉಳಿದಿದೆ; ‘ಒಳಗಾತ್ರ’ ಎಂಬ ಪದ ಯಾರಿಗಾದರೂ ಒಪ್ಪಿಗೆಯಾಗುವುದಾದರೆ ಬಳಸಲು ಸಿದ್ಧನಿದ್ದೇನೆ.

‘ಬೋರ್ ಮಾಡಿಸಿದೆವು’ ಎಂದು ಬರೆಯಬೇಕೇ ಹೊರತು ‘ಬೋರ್ ಹೊಡೆಸಿದೆವು’ ಎನ್ನಬಾರದೆಂಬುದನ್ನು ಬಯಲುಸೀಮೆಯವನಾದ ನಾನು ಬೇರೆಯವರಿಂದ ಕಲಿಯಬೇಕಾಗಿಲ್ಲ. ‘ಸ್ಟ್ರೋಕ್’ಗೆ ‘ಹೊಡೆತ’ ನನಗೆ ಹಿಡಿಸದು. ಪಿಸ್ಟನ್ ಯಾರನ್ನೂ ಹೊಡೆಯುವುದಿಲ್ಲ, ಅದು ಜೀಕುತ್ತದೆ. ಆದರೂ ಸ್ಟ್ರೋಕು ಎಂಬುದೇ ರೂಢಿಯಲ್ಲಿರುವಾಗ ‘ಜೀಕು’ ತರುವುದು ಅತಿಯಾದೀತು. ‘ಹೈ ಪರ್ಫಾರ್ಮೆನ್ಸ್’ ಎಂಬುದಕ್ಕೆ ‘ಉನ್ನತ ಕಾರ್ಯಕ್ಷಮತೆಯ’ ಎಂಬುದು ಸರ್ಕಾರಿ ಸುತ್ತೋಲೆಯ ಭಾಷೆ. ‘ಹೆಚ್ಚು ಕಸುವಿನ’ ಎಂದರೆ ಸಾಕು.

ಒಂದು ಕಡೆ ಮಾತ್ರ ಕನ್ನಡದ ಪೇಟೆಯ ಮಾತು ತಾನಾಗಿಯೇ ಒದಗಿ ಬಂತು. 1971ರವರೆಗೆ ಅಮೆರಿಕದ ತಯಾರಕರು ಜಾಹೀರಾತಿನಲ್ಲಿ ಹೇಳುತ್ತಿದ್ದ ಅಶ್ವಶಕ್ತಿಯು, ಏರ್ ಫಿಲ್ಟರು, ಆಲ್ಟರ್ನೇಟರು, ಕಾರಿನ ಸೈಲೆನ್ಸರು ಯಾವುದೂ ಇಲ್ಲದೆ, ಬರಿಯ ಎಂಜಿನ್ನನ್ನು ಪರೀಕ್ಷಾ ಪೀಠದ ಮೇಲೆ ಓಡಿಸಿ ಅಳೆದದ್ದು. 1972ರ ಮಾದರಿಗಳಿಂದ ಅವೆಲ್ಲವನ್ನೂ ಜೋಡಿಸಿಯೇ ಅಳೆಯುವ ಪದ್ಧತಿ ಬಂತು. ಎಂಜಿನ್ ಅದೇ ಇದ್ದರೂ ಕಾಗದದ ಮೇಲಿನ ಸಂಖ್ಯೆ ಇಳಿಯಿತು. ಅಡಿಕೆ ಮಂಡಿಯಲ್ಲಿ ಚೀಲದ ತೂಕ ಕಳೆದು ಉಳಿದದ್ದನ್ನು ನಾವು ಏನೆನ್ನುತ್ತೇವೆಯೋ ಅದನ್ನೇ ಇಲ್ಲಿಯೂ ಬಳಸಿ ‘ನಿವ್ವಳ ಅಶ್ವಶಕ್ತಿ’ ಎಂದು ಬರೆದೆ, ಹಿಂದಿನದನ್ನು ‘ಒಟ್ಟು ಅಶ್ವಶಕ್ತಿ’ ಎಂದೆ. ಸಂಪಾದಕರು ಅದನ್ನು ಮುಟ್ಟಲಿಲ್ಲ.

ಹಳೆಯ ಒಡಲನ್ನು ಉಳಿಸಿ ಒಳಗೆ ಹೊಸ ಯಂತ್ರಾಂಗ ಇಡುವ ಈ ಪದ್ಧತಿಗೆ ಇಲ್ಲಿ ‘ರೆಸ್ಟೊಮಾಡ್’ ಎಂಬ ಬೆರಕೆ ಪದವಿದೆ. ‘ಜೀರ್ಣೋದ್ಧಾರ’ ಎಂದು ಬರೆದಿದ್ದೇನೆ. ಜೀರ್ಣೋದ್ಧಾರವೆಂದರೆ ಇದ್ದದ್ದನ್ನು ಇದ್ದಂತೆ ಕಾಪಾಡುವುದಲ್ಲವೇ ಎಂದು ಕೆಲವರು ಕೇಳಬಹುದು. ನಮ್ಮೂರ ಕಡೆಯ ದೇವಸ್ಥಾನಗಳನ್ನು ನೋಡಿದವರು ಹಾಗೆ ಕೇಳಲಾರರು: ಗರ್ಭಗುಡಿ ಹಳೆಯದೇ ಇರುತ್ತದೆ, ಮುಂದೆ ಕಾಂಕ್ರೀಟಿನ ಮಂಟಪ, ನೆಲಕ್ಕೆ ಗ್ರಾನೈಟ್, ಮೇಲೆ ಫ್ಯಾನು ಬಂದಿರುತ್ತವೆ, ಫಲಕದ ಮೇಲೆ ಜೀರ್ಣೋದ್ಧಾರವೆಂದೇ ಕೆತ್ತಿರುತ್ತದೆ. ಕಮಾರೊಗೆ ಫ್ಯೂಯೆಲ್ ಇಂಜೆಕ್ಷನ್ ಹಾಕಿದ್ದು ಅದಕ್ಕಿಂತ ದೊಡ್ಡ ಅಪಚಾರವೇನಲ್ಲ.

ಈಗ ನನ್ನ ಕೋರಿಕೆ. ಗ್ಯಾರೇಜು, ಲೇತ್ ಅಂಗಡಿ, ಅಕ್ಕಿ ಗಿರಣಿ, ದೋಣಿಯ ಯಂತ್ರ, ಟ್ರ್ಯಾಕ್ಟರ್ ಹೀಗೆ ಯಾವುದಾದರೊಂದರ ಒಡನಾಟವಿರುವವರು, ಎಂಜಿನ್ನನ್ನು ಪೂರ್ತಿ ಬಿಚ್ಚಿ ಮತ್ತೆ ನಿಲ್ಲಿಸುವ ಕೆಲಸಕ್ಕೆ ನಿಮ್ಮ ಕಡೆಯ ಕಸುಬಿನವರು ಯಾವ ಕ್ರಿಯಾಪದವನ್ನು ಬಳಸುತ್ತಾರೆಂದು ದಯವಿಟ್ಟು ತಿಳಿಸಿ. ‘ಕಟ್ಟು’ ಎಂದು ಕೇಳಿದ್ದರೆ ಯಾವ ಊರಿನಲ್ಲಿ, ಯಾವ ಯಂತ್ರದ ಬಗ್ಗೆ, ವಾಕ್ಯದಲ್ಲಿ ಯಾವ ರೂಪದಲ್ಲಿ ಕೇಳಿದಿರೆಂಬುದನ್ನೂ ಬರೆಯಿರಿ. ಧಾರವಾಡ, ಕಲಬುರಗಿ ಮತ್ತು ಕರಾವಳಿಯ ಕಡೆಯವರ ಮಾತು ತಿಪಟೂರಿನವನಾದ ನನಗೆ ಹೆಚ್ಚು ಬೇಕಾಗಿದೆ. ಸಂಚಿಕೆ ಅಚ್ಚಿಗೆ ಹೋಗಲು ಇನ್ನೂ ಮೂರು ವಾರಗಳಿವೆ.