ಸಹಾಯ ಬೇಕು: ಬದಿಯಡ್ಕ ಹತ್ತಿರ ಐಎನ್‌ಆರ್ ಪರೀಕ್ಷೆ ಎಲ್ಲಿ?

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಬದಿಯಡ್ಕದಿಂದ ಸ್ವಲ್ಪ ಒಳಗೆ. ಅಮ್ಮನ ಹೃದಯಕ್ಕೆ ಲೋಹದ ಮೈಟ್ರಲ್ ವಾಲ್ವ್ ಹಾಕಿದ್ದಾರೆ. ಹಾಗಾಗಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ಜೀವನಪೂರ್ತಿ ಬೇಕು. ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ತೋರಿಸುವ ಅಂಕಿ, ಹೆಚ್ಚಾದರೆ ರಕ್ತಸ್ರಾವದ ಭಯ) 2.5ರಿಂದ 3.5ರ ಒಳಗೆ ಇರಬೇಕಂತೆ.

ಮೊನ್ನೆ ಅದು 5 ದಾಟಿತ್ತು. ಹಲ್ಲುಜ್ಜಿದರೆ ಒಸಡಿನಲ್ಲಿ ರಕ್ತ. ಅಡಿಕೆ ಹೆಕ್ಕುವಾಗ ಬುಟ್ಟಿ ತಾಗಿದ್ದಷ್ಟೇ, ಮೊಣಕೈ ಕೆಳಗೆ ಅಂಗೈಯಗಲ ನೀಲಿ! ಹೊಟ್ಟೆ ಕೆಟ್ಟಿದೆ ಎಂದು ಮೆಡಿಕಲ್‌ನಿಂದ ತಂದ ಮೆಟ್ರೋನಿಡಜೋಲ್ ಇದಕ್ಕೆ ಕಾರಣ ಎಂದರು ಡಾಕ್ಟರು. ವಾರ್ಫರಿನ್ ಡೋಸ್ ಬದಲಾಯಿಸಿದ್ದಾರೆ, ಈಗ ಪರವಾಗಿಲ್ಲ. ಮಲ ಕಪ್ಪಾದರೆ, ತಲೆಗೆ ಪೆಟ್ಟಾದರೆ ಕಾಯದೆ ಆಸ್ಪತ್ರೆಗೆ ಬರಬೇಕು ಎಂದಿದ್ದಾರೆ.

ಇನ್ನು ಪದೇ ಪದೇ ಪರೀಕ್ಷೆ ಆಗಬೇಕು. ಪ್ರತಿ ಸಲ ಮಂಗಳೂರಿಗೆ ಬಸ್ಸಲ್ಲಿ ಕರೆದುಕೊಂಡು ಹೋಗುವುದು ಅಮ್ಮನಿಗೆ ಕಷ್ಟ. ಬದಿಯಡ್ಕ, ಕುಂಬಳೆ, ಮುಳ್ಳೇರಿಯ ಕಡೆ ಅದೇ ದಿನ ರಿಪೋರ್ಟ್ ಕೊಡುವ ಲ್ಯಾಬ್ ಇದೆಯಾ? ಮನೆಗೇ ಬಂದು ರಕ್ತ ತೆಗೆಯುವವರು? ಬೆರಳು ಚುಚ್ಚಿ ನೋಡುವ ಮೆಷಿನ್ ಯಾರಾದರೂ ಬಳಸುತ್ತಿದ್ದೀರಾ, ಸ್ಟ್ರಿಪ್ ಸುಲಭವಾಗಿ ಸಿಗುತ್ತದಾ?

ಸೊಪ್ಪಿನಲ್ಲಿರುವ ವಿಟಮಿನ್ ಕೆ ವಾರ್ಫರಿನ್ ಪರಿಣಾಮ ಕಡಿಮೆ ಮಾಡುತ್ತದಂತೆ. ಆದರೂ ಬಸಳೆ, ನುಗ್ಗೆಸೊಪ್ಪು ಬಿಡಬೇಕಾಗಿಲ್ಲ, ಪ್ರತಿ ವಾರ ಒಂದೇ ಅಳತೆಯಲ್ಲಿರಲಿ ಎಂದಿದ್ದಾರೆ. ನಮ್ಮ ಹಿತ್ತಿಲಲ್ಲಿ ಮಳೆಗಾಲದಲ್ಲಿ ಬಸಳೆಯೋ ಬಸಳೆ! ನೀವೆಲ್ಲ ಹೇಗೆ ನಿಭಾಯಿಸುತ್ತೀರಿ?

ಒಂದು ವಿನಂತಿ, ಮಾತ್ರೆ ನಿಲ್ಲಿಸಿ ಕಷಾಯ ಕೊಡಿ ಎಂದು ಮಾತ್ರ ಹೇಳಬೇಡಿ. ನಿಲ್ಲಿಸಿದರೆ ವಾಲ್ವಿನಲ್ಲೇ ರಕ್ತ ಹೆಪ್ಪುಗಟ್ಟಬಹುದು. ಲ್ಯಾಬ್ ಗೊತ್ತಿದ್ದವರು ದಯವಿಟ್ಟು ಇಲ್ಲೇ ಬರೆಯಿರಿ.